ಬಲಗಡೆಯ ಜೇಬು

ಗುರುವಾರ, ಮಾರ್ಚ್ ೧೪

ನಾಳೆ ಇಪ್ಪತ್ತಾರು ಅಂಗಿಗಳ ಜೇಬು ಬಿಚ್ಚಿ ಮತ್ತೆ ಹೊಲಿಯಬೇಕು. ಆದರೂ ಮುಖದ ನಗು ಹೋಗುತ್ತಿಲ್ಲ.

ಮಧ್ಯಾಹ್ನ ಮೂರಕ್ಕೆ ಮಗಳ ಈಜು ಪರೀಕ್ಷೆ. ಹಿಂದಿನ ಎರಡು ಸಲ ನಾನು ಹೋಗಿರಲಿಲ್ಲ. ಎರಡು ಸಲವೂ ಅವಳು ಅರ್ಧಕ್ಕೇ ಕೊಳದ ಅಂಚು ಹಿಡಿದು ನಿಂತಿದ್ದಳು. ಇವತ್ತೂ ರಜೆ ಕೇಳಲು ಬಾಯಿ ಬರಲಿಲ್ಲ. ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದೆ. ಸೂಪರ್‌ವೈಸರ್ ಬಂದು ಹಿಂದೆ ನಿಂತರು.

"ಏನಮ್ಮಾ, ಆಗ್ಲಿಂದ ಗಡಿಯಾರಾನೇ ಹೊಲೀತಿದ್ದೀಯ?"

ವಿಷಯ ಹೇಳಿದೆ.

"ಇಷ್ಟು ಹೇಳೋಕೆ ಅಷ್ಟು ಹೊತ್ತು ಬೇಕಿತ್ತಾ? ಏಳು, ನಾನು ಕೂತ್ಕೋತೀನಿ. ಮೇಲಿನವರು ಕೇಳಿದ್ರೆ ನಾನು ಹೇಳ್ಕೋತೀನಿ."

ಓಡಿದೆ. ಮಗಳು ಅರ್ಧದಲ್ಲಿ ತಡವರಿಸಿ ಕೊಳದ ಅಂಚಿಗೆ ಕೈ ಚಾಚಿದಳು. "ಇಲ್ಲೇ ಇದ್ದೀನಿ ಕಣೇ" ಅಂದೆ. ಕೈ ಮತ್ತೆ ನೀರಿಗಿಳಿಯಿತು. ಆಚೆ ದಡ ಮುಟ್ಟಿಯೇಬಿಟ್ಟಳು.

ವಾಪಸ್ ಬಂದರೆ, ಹತ್ತು ವರ್ಷದಿಂದ ಮೆಷಿನ್ ಮುಟ್ಟದ ಮನುಷ್ಯ ಎಲ್ಲ ಜೇಬನ್ನೂ ಎಡಗಡೆ ಬಿಟ್ಟು ಬಲಗಡೆಗೆ ಹೊಲಿದಿಟ್ಟಿದ್ದಾರೆ. ಸಾಲಿನ ಹೆಂಗಸರೆಲ್ಲ ತಲೆ ಬಗ್ಗಿಸಿ ನಗು ನುಂಗುತ್ತಿದ್ದರು.

"ಪಾಸಾ?"

"ಪಾಸು ಸಾರ್."

"ಸದ್ಯ, ಇಬ್ಬರಲ್ಲಿ ಒಬ್ಬರಾದ್ರೂ ಪಾಸಾದ್ವಿ" ಎಂದು ಕತ್ತರಿಯನ್ನು ನನ್ನ ಕೈಗಿಟ್ಟರು.

ಕಣ್ಣು ಎಳೆಯುತ್ತಿದೆ. ಪಕ್ಕದಲ್ಲಿ ಮಲಗಿದವಳು ನಿದ್ದೆಯಲ್ಲೂ ಕಾಲು ಬಡಿಯುತ್ತಿದ್ದಾಳೆ. ಹೊದಿಕೆ ಆಗಲೇ ಆಚೆ ದಡ ಸೇರಿದೆ.