ಬೂದು ಕೋಟಿನವನು

ಪೊಜ್ನಾನ್, ಪೋಲೆಂಡ್
ನವೆಂಬರ್ ೧೬

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸೈರನ್ ಕೂಗಿದಾಗ ಕತ್ತಲಲ್ಲಿ ಒಬ್ಬಳೇ ನೆಲಮಾಳಿಗೆಗೆ ಇಳಿಯಬೇಡ, ಪಕ್ಕದ ಮನೆ ಮಿರೋನ್ ಅಣ್ಣನನ್ನು ಕರೆ. ನಮ್ಮೂರಿಗೆ ಬಸ್ಸು ಓಡಿಸುವ ಓಸ್ತಾಪ್ ಮಾವನ ಕೈಯಲ್ಲಿ ಈ ಕಾಗದದ ಜೊತೆ ಮುಲಾಮು, ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೇನೆ. ಕಾಲುಚೀಲ ಎತ್ತಿಡಬೇಡ, ಹಾಕಿಕೋ. ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ?

ನಾನೂ ಜ್ಲಾತಾಳೂ ಆರೋಗ್ಯವಾಗಿದ್ದೇವೆ. ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಹಾಗೇ ನಡೆದಿದೆ. ಮೇಲಿನ ಮನೆಯವರು ಈ ಸಲವೂ ಕಾಡಿನಿಂದ ಅಣಬೆ ತಂದು ಒಂದು ಬುಟ್ಟಿ ನಮಗೂ ಕೊಟ್ಟರು. ಇಲ್ಲಿಯ ಜನ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. "ನೀವು ಅಲ್ಲಿ ಕ್ಷೇಮವಾಗಿದ್ದೀರಲ್ಲ, ನನಗಷ್ಟೇ ಸಾಕು" ಅಂತ ನೀನು ಫೋನಿನಲ್ಲಿ ಅಂದಾಗಲೆಲ್ಲ ಹೂಂ ಅಂದು ಮಾತು ಬದಲಿಸುತ್ತೇನೆ. ಜ್ಲಾತಾ ಪಕ್ಕದಲ್ಲೇ ಅಂಟಿಕೊಂಡು ಕೂತಿರುತ್ತಾಳಾದ್ದರಿಂದ ಏನೂ ಹೇಳಲಾಗುವುದಿಲ್ಲ. ಹಾಗಾಗಿ ಈ ಕಾಗದ.

ಕಳೆದ ವಾರ ಜ್ಲಾತಾಳನ್ನು ಶಾಲೆಯಿಂದ ಕರೆದುಕೊಂಡು ಟ್ರಾಮಿನಲ್ಲಿ ಬರುತ್ತಿದ್ದೆ. ಶಾಲೆಯ ನಾಟಕದಲ್ಲಿ ಅವಳಿಗೆ ಮುಳ್ಳುಹಂದಿಯ ಪಾತ್ರ ಕೊಟ್ಟಿದ್ದರು. ಆ ಸಂಭ್ರಮದಲ್ಲಿ ನಿನ್ನ ಮೊಮ್ಮಗಳು ಹೇಗೆ ಮಾತಾಡಿರುತ್ತಾಳೆ, ಊಹಿಸಿಕೋ. ಇಡೀ ಟ್ರಾಮಿಗೆ ಕೇಳುವ ಹಾಗೆ, ನಮ್ಮ ಭಾಷೆಯಲ್ಲಿ. ಎದುರು ಸೀಟಿನಲ್ಲಿ ಒಬ್ಬ ಕೂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬೂದು ಕೋಟು, ಮಡಿಲಲ್ಲಿ ಕೊಡೆ. ಕುಡಿದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವನು ನೆಟ್ಟಗೆ ಕೂತು, ದನಿ ಏರಿಸದೆ, "ಇದು ಪೋಲೆಂಡು. ಅದರ ಬಾಯಿ ಮುಚ್ಚಿಸು, ಇಲ್ಲಾಂದ್ರೆ ನಾನು ಮುಚ್ಚಿಸ್ತೀನಿ" ಅಂದ. ಮಗುವನ್ನು 'ಅದು' ಅಂದ. ನೀನು ಮುದ್ದಿಗೆ ಅನ್ನುವ 'ಅದು' ಅಲ್ಲ, ಅಮ್ಮಾ. ಟ್ರಾಮು ತುಂಬ ಜನ ಇದ್ದರು. ಒಬ್ಬರು ಕಿಟಕಿ ನೋಡಿದರು, ಒಬ್ಬರು ಫೋನು ನೋಡಿದರು. ನಾನೇ "ಕ್ಷಮಿಸಿ" ಅಂದುಬಿಟ್ಟೆ. ಯಾತಕ್ಕೆ ಅಂದೆನೋ.

ನಮ್ಮ ಸ್ಟಾಪಿಗಿಂತ ಮುಂಚೆಯೇ ಇಳಿದೆವು. ಅವನೂ ಇಳಿದ. ಈ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನಕ್ಕೇ ಮಬ್ಬು ಕವಿಯುತ್ತದೆ. ನಾವು ಬೇಗ ನಡೆದರೆ ಹಿಂದಿನ ಹೆಜ್ಜೆಯೂ ಬೇಗ, ನಾವು ನಿಂತರೆ ಅದೂ ನಿಲ್ಲುತ್ತದೆ. ಜ್ಲಾತಾಳ ಕೈ ನನ್ನ ಕೈಯೊಳಗೆ ಒದ್ದೆಯಾಗಿತ್ತು. ದೀಪ ಕಂಡ ಮೊದಲ ಬಾಗಿಲಿಗೆ ನುಗ್ಗಿದೆ. ಅದು ಹೆಂಗಸರ ಕ್ಷೌರದಂಗಡಿ. ಕೂದಲು ಗುಂಗುರಾಗಲೆಂದು ತಲೆ ತುಂಬ ಸುರುಳಿ ಸುತ್ತಿಸಿಕೊಂಡು ತೆಕ್ಲಾ ಅನ್ನುವ ಮುದುಕಿ ಕೂತಿದ್ದರು. ನನ್ನ ಮುಖ ನೋಡಿದರು, ಗಾಜಿನಾಚೆ ನಿಂತವನನ್ನು ನೋಡಿದರು. ಒಂದು ಮಾತೂ ಕೇಳದೆ ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಏನ್ ಸ್ವಾಮಿ, ಕ್ಷೌರ ಮಾಡಿಸ್ಕೋಬೇಕಿತ್ತಾ? ನಿಮ್ಮ ತಲೇಲಿ ಕತ್ತರಿಸೋಕೆ ಏನೂ ಉಳಿದಿಲ್ಲವಲ್ಲ."

"ನಿಮ್ಮಂಥೋರೇ ಇವರನ್ನ ತಲೆ ಮೇಲೆ ಕೂರಿಸ್ಕೊಂಡಿರೋದು" ಅಂದ ಅವನು.

"ನನ್ನ ತಲೆ ಮೇಲೆ ಇವತ್ತು ಜಾಗ ಇಲ್ಲಪ್ಪ, ಸುರುಳಿ ಇದೆ. ನಡಿ ಮನೆಗೆ."

ಅಂಗಡಿಯ ಹುಡುಗಿ ಪೊಲೀಸರಿಗೆ ಫೋನು ಮಾಡುವುದು ಕಂಡ ಮೇಲೆ ಹೋದ, ಅದೂ ನಿಧಾನವಾಗಿ. ಬಂದ ಪೊಲೀಸ್ ಹೆಂಗಸು ಒಳ್ಳೆಯವಳೇ. "ಕೈ ಮಾಡಿದನಾ?" ಅಂತ ಕೇಳಿದಳು. ಇಲ್ಲ ಅಂದೆ. ಬರೆದುಕೊಂಡಳು, ಮತ್ತೆ ಕಂಡರೆ ತಕ್ಷಣ ಹೇಳಿ ಅಂದಳು. ತೆಕ್ಲಾ ಅವರು ತಲೆಗೆ ವಸ್ತ್ರ ಸುತ್ತಿಕೊಂಡು, ಆ ಸುರುಳಿಗಳ ಸಮೇತ, ನಮ್ಮ ಮನೆ ಬಾಗಿಲವರೆಗೂ ಬಂದು ಬಿಟ್ಟುಹೋದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈಗ ಟ್ರಾಮು ಬಿಟ್ಟು ನಡೆದೇ ಹೋಗುತ್ತೇವೆ. ಬೂದು ಬಣ್ಣ ಕಂಡರೆ ರಸ್ತೆ ದಾಟುತ್ತೇನೆ, ಈ ಊರಲ್ಲಿ ಅರ್ಧ ಜನ ಬೂದು ಕೋಟಿನವರೇ. ನಿನ್ನೆ ಸಂತೆಯಲ್ಲಿ ಅವನು ಸಿಕ್ಕ. ಸೇಬನ್ನು ಒಂದೊಂದಾಗಿ ಆರಿಸುತ್ತ, ಮಾರುವವಳ ಹತ್ತಿರ ನಗುತ್ತ ಮಾತಾಡುತ್ತಿದ್ದ. ನಾನು ದಾರಿಗೆ ಅಡ್ಡವಿದ್ದೆನೆಂದು "ಸ್ವಲ್ಪ ಜಾಗ ಬಿಡ್ತೀರಾಮ್ಮ?" ಅಂದ, ಎಷ್ಟು ಮರ್ಯಾದೆಯಿಂದ. ನನ್ನ ಗುರುತು ಅವನಿಗೆ ಸಿಗಲಿಲ್ಲ, ಏಕೆಂದರೆ ನಾನು ಬಾಯಿ ತೆರೆದಿರಲಿಲ್ಲ. ಪೊಲೀಸರಿಗೆ ಹೇಳಬೇಕಿತ್ತು. ಫೋನು ಹೊರಗೆ ತೆಗೆದು ಮತ್ತೆ ಚೀಲಕ್ಕೇ ಹಾಕಿಕೊಂಡೆ. ಮನೆಗೆ ಬಂದು ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂತೆ.

ವಾಪಸ್ ಬಾ ಅನ್ನಬೇಡ. ಅಲ್ಲಿ ಬಾಂಬು ಬೀಳುತ್ತಿರುವಾಗ ಮಗುವನ್ನು ಎಲ್ಲಿಗೆ ಕರೆತರಲಿ? ಮಿರೋನ್ ಅಣ್ಣನಿಗೆ ನನ್ನ ನಮಸ್ಕಾರ ಹೇಳು. ದೇವಮಾತೆ ನಿನ್ನನ್ನು ಕಾಯಲಿ, ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡಲಿ.

ನಿನ್ನ ಮಗಳು,
ಓರಿಸ್ಯಾ

ಮರೆತ ಮಾತು: ಓಸ್ತಾಪ್ ಮಾವ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಟ್ರಾಮಿನ ಆ ದಿನದಿಂದ ಜ್ಲಾತಾ ನಮ್ಮ ಭಾಷೆ ಆಡಿಲ್ಲ, ಮನೆಯೊಳಗೂ ಇಲ್ಲ. ನಾನು ಆಡಿದರೆ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೀನು ಫೋನು ಮಾಡಿದಾಗ ಪೋಲಿಷಿನಲ್ಲೇ ಉತ್ತರ ಕೊಟ್ಟಾಳು, ಅಥವಾ ಏನೂ ಕೊಡದೆ ಇದ್ದಾಳು. ಬೈಯಬೇಡ, ಅಳಬೇಡ. ನೀನು ಮಾತ್ರ ನಮ್ಮ ಮಾತಲ್ಲೇ ಹೇಳುತ್ತಾ ಹೋಗು, ಬಾತುಕೋಳಿ ಸುದ್ದಿ, ಹಿಮದ ಸುದ್ದಿ, ಏನಾದರೂ. ಫೋನನ್ನು ನಾನು ಅವಳ ಕಿವಿಗೇ ಹಿಡಿದಿರುತ್ತೇನೆ.