ಸಿಳ್ಳೆಗೆ ಕತ್ತರಿಯ ಉತ್ತರ

ಮೇಸ್ತ್ರಿ ಮಾಮನಿಗೆ ನಮಸ್ಕಾರ.

ಅಪ್ಪನನ್ನು ಪಾರ್ಕಿನ ಕೆಲಸದಿಂದ ತೆಗೆದದ್ದು ಅನ್ಯಾಯ. ನೀವು ಕರೆದಾಗ ಅವರು ತಿರುಗದಿದ್ದದ್ದು ಕೊಬ್ಬಿನಿಂದಲ್ಲ, ಕಿವಿ ಕೇಳದೆ. ಪಾರ್ಕಿನ ಪೊದೆ ಸವರುವಾಗ ನುಸಿ ಕಚ್ಚಿ ಅವರಿಗೆ ಬಂದ ಜ್ವರ ಅಪರೂಪಕ್ಕೆ ಕಿವಿಯನ್ನೂ ಕೆಡಿಸುತ್ತದೆ ಎಂದು ಡಾಕ್ಟರು ಹೇಳಿದರು. ದುಡಿಮೆ ತಂದ ರೋಗ ದುಡಿದವನ ತಪ್ಪಲ್ಲ ಎಂದು ನಾನು ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಓದಿದ್ದೇನೆ.

ನಾನು ಚಿಕ್ಕವಳಿದ್ದಾಗ ನೀವು ಬೇಲಿಯಾಚೆಯಿಂದ ಸಿಳ್ಳೆ ಹಾಕಿದರೆ ಅಪ್ಪ ದೊಡ್ಡ ಕತ್ತರಿಯನ್ನು ಎರಡು ಸಲ ಆಡಿಸಿ ಉತ್ತರ ಕೊಡುತ್ತಿದ್ದರು. “ಬಾಯಿ ಬಿಟ್ರೆ ಮುತ್ತು ಉದುರುತ್ತೇನಯ್ಯಾ?” ಎಂದು ನೀವು ನಗುತ್ತಿದ್ದಿರಿ. ಈಗ ಮನೆಯ ಮೆಟ್ಟಿಲ ಮೇಲೆ ಕೂತು, ನೀವು ಕರೆದಿರಬಹುದೆಂದು, ಆಗಾಗ ಕತ್ತರಿ ಆಡಿಸುತ್ತಾರೆ.

ಕೂಗಬೇಡಿ, ಎದುರಿಗೆ ಬಂದು ಕೈಬೀಸಿ ಕರೆಯಿರಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಪಾರ್ಕಿನ ಗೇಟಿನ ಹತ್ತಿರ ಇರುತ್ತೇವೆ.

ಇತಿ,
ನಿಮ್ಮ ಗೆಳೆಯನ ಮಗಳು