ತೊಂಬತ್ತೈದೇ ಬೇಕಾದ ಗಾಡಿ

ಮಾರ್ಚ್ 3, ಸೋಮವಾರ

ಬೆಳಗಿನಿಂದ ಕನ್ನಡಕದ ಲೆನ್ಸ್ ಉಜ್ಜಿದ್ದೇ ಉಜ್ಜಿದ್ದು. ಒಂದರ ಅಂಚು ಒಡೆಯಿತು. ಗ್ರೈಂಡರಿನ ಸದ್ದು ಒಂದು ಚೂರು ಬದಲಾದರೂ ನನಗೆ ಗೊತ್ತಾಗಿಬಿಡುತ್ತದೆ, ಇವತ್ತು ಗೊತ್ತಾಗಲಿಲ್ಲ. ಕಣ್ಣು ಅಂಗಡಿಯ ಗಾಜಿನಾಚೆ ಇತ್ತು. ಅವಳು ಹೋಗುತ್ತಿದ್ದಳು, ಅಪ್ಪನ ಮೋಟರ್‌ಸೈಕಲ್ ಮೇಲೆ.

ಅಪ್ಪನ ಮೋಟರ್‌ಸೈಕಲ್ ಅಂತ ಇನ್ನು ಬರೆಯುವ ಹಾಗಿಲ್ಲ. ತಮ್ಮನ ಹೆಂಡತಿಯದು. ಹೋದ ವಾರ ಕೊಟ್ಟೇಬಿಟ್ಟರು. ಫಿಸಿಯೋಥೆರಪಿ ಅವಳ ಕೆಲಸ. ಅಪ್ಪನ ಮಂಡಿನೋವಿಗೆ ವ್ಯಾಯಾಮ ಮಾಡಿಸಲು ಬರುತ್ತಾಳೆ. ಕಾಲು ಎತ್ತಿಸುತ್ತಾ ಎತ್ತಿಸುತ್ತಾ ಕೇಳಿದಳಂತೆ — ಮಾವ, ಗಾಡಿ ಸುಮ್ಮನೆ ನಿಂತಿದೆಯಲ್ಲ, ನಾನು ರಿಪೇರಿ ಮಾಡಿಸಿ ಓಡಿಸಲಾ ಅಂತ. ಅಪ್ಪ ಕೀ ತೆಗೆದು ಕೊಟ್ಟರಂತೆ.

ಇಷ್ಟು ವರ್ಷದಿಂದ ಅವರ ಜೊತೆ ಇರುವವಳು ನಾನು. ಮಾತ್ರೆ, ಡಾಕ್ಟರು, ಕಿವಿ ಮಷೀನಿನ ಬ್ಯಾಟರಿ... ಎಲ್ಲಕ್ಕೂ ನಾನು ಬೇಕು. ಕೀ ಮಾತ್ರ ಅವಳಿಗೆ.

ನಾನು ಕೇಳಿರಲಿಲ್ಲ, ನಿಜ. ಕೇಳಬೇಕಿತ್ತಾ?

ಮಾರ್ಚ್ 5, ಬುಧವಾರ, ರಾತ್ರಿ

ತೋರಿಸಲು ಬಂದಿದ್ದಳು. ಉಜ್ಜಿ ಉಜ್ಜಿ ಫಳಫಳ ಮಾಡಿದ್ದಾಳೆ. ಹಿಂದೆ ಕಾರಿನಲ್ಲಿ ತಮ್ಮ. ಅವನಿಗೆ ಎರಡು ಚಕ್ರ ಅಂದರೆ ಈಗಲೂ ಕೈಕಾಲು ನಡುಕ.

ಕಂಪನಿಯ ಪುಸ್ತಕ ಹುಡುಕಿ ಓದಿದ್ದಾಳಂತೆ. ನೆಟ್‌ನಲ್ಲೂ ಕೇಳಿದ್ದಾಳಂತೆ. ಇಂಥ ಹಳೆಯ ಗಾಡಿಗೆ ತೊಂಬತ್ತೊಂದು ಆಕ್ಟೇನಿನ ಮಾಮೂಲಿ ಪೆಟ್ರೋಲೇ ಸಾಕು, ತೊಂಬತ್ತೈದು ಹಾಕಿಸುವುದು ದಂಡ. ಆಕ್ಟೇನ್ ಅಂದರೆ ಪೆಟ್ರೋಲಿಗೆ ಒತ್ತಡ ತಡೆಯುವ ಶಕ್ತಿ, ಹಳೆಯ ಇಂಜಿನ್ನುಗಳು ಅಷ್ಟು ಒತ್ತುವುದೇ ಇಲ್ಲ... ನನಗೆ ಪಾಠ! ತಮ್ಮ ಹೆಂಡತಿಯ ಮುಖ ನೋಡಿಕೊಂಡು ಹಲ್ಲು ಬಿಡುತ್ತಿದ್ದ. ಅಪ್ಪ ತಲೆಯಾಡಿಸಿದರು. ತೊಂಬತ್ತೈದು ಸಿಗುತ್ತದೆಂದು ಹತ್ತಿರದ ಬಂಕ್ ಬಿಟ್ಟು ದೂರದ ಬಂಕಿಗೆ ಹೋಗುತ್ತಿದ್ದ ಅಪ್ಪ. ಅಮ್ಮ ಅದಕ್ಕೆ ಜಂಬ ಅನ್ನುತ್ತಿದ್ದಳು.

ಜಂಬ ಅಲ್ಲ. ಪುಸ್ತಕದಲ್ಲಿರುವ ಇಂಜಿನ್ ಬೇರೆ, ಇದು ಬೇರೆ. ನಾನು ಹೈಸ್ಕೂಲಿನಲ್ಲಿದ್ದಾಗ, ಅಮ್ಮ ತವರಿಗೆ ಹೋಗಿದ್ದ ವಾರ, ಅಪ್ಪ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿ ಮೇಲ್ತುದಿ ಉಬ್ಬಿದ ಬೇರೆ ಪಿಸ್ಟನ್ ಹಾಕಿದರು. ಬೆಟ್ಟದ ರಸ್ತೆಯ ರೇಸಿಗೆ. ಇನ್ನು ರೇಸಿಗೆ ಹೋಗುವುದಿಲ್ಲ ಅಂತ ಅಮ್ಮನಿಗೆ ಆಣೆ ಮಾಡಿದ ಮೇಲೆ! ಟಾರ್ಚ್ ಹಿಡಿದವಳು ನಾನು. ಕೊನೆಗೆ ಗ್ರೀಸ್ ಬೆರಳನ್ನು ನನ್ನ ಮೂಗಿಗೆ ಒರೆಸಿ, "ಇದು ನಮ್ಮಿಬ್ರಲ್ಲೇ ಇರ್ಲಿ" ಅಂದಿದ್ದರು. ಆ ಪಿಸ್ಟನ್ ಹೆಚ್ಚು ಒತ್ತುತ್ತದೆ. ಮಾಮೂಲಿ ಪೆಟ್ರೋಲ್ ತಡೆಯದೆ ಹೊತ್ತಿಗೆ ಮುಂಚೆಯೇ ಹತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯ ಏಟು ಕೊಡುತ್ತದೆ.

ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲವಲ್ಲ... ಗಾಡಿ ಕೊಟ್ಟರೂ ಗುಟ್ಟು ಕೊಟ್ಟಿಲ್ಲ ಅವಳಿಗೆ. ರಾತ್ರಿ ಎರಡು ತುತ್ತು ಜಾಸ್ತಿಯೇ ಉಂಡೆ.

ಮಾರ್ಚ್ 9, ಭಾನುವಾರ

ಶುರುವಾಯಿತು. ನಮ್ಮ ಬೀದಿಯ ಏರು ಹತ್ತುವಾಗ ಕಟಕಟ ಕಟಕಟ, ಡಬ್ಬಿಯೊಳಗೆ ಕಾಳು ಕುಲುಕಿದ ಹಾಗೆ. ಅಡುಗೆಮನೆಯಲ್ಲಿದ್ದವಳಿಗೆ ಕಿವಿ ನೆಟ್ಟಗಾಯಿತು. ಅಪ್ಪನಿಗೆ ಎಲ್ಲಿ ಕೇಳಬೇಕು.

ಅವಳಿಗೂ ಕೇಳಿಸಿದೆ. ಹಳೆಯ ಗಾಡಿ ಅಂದಮೇಲೆ ಸ್ವಲ್ಪ ಸದ್ದು ಇದ್ದೇ ಇರುತ್ತದೆ ಅಲ್ಲವಾ ಅತ್ತಿಗೆ ಅಂತ ನನ್ನನ್ನೇ ಕೇಳಿದಳು. ಇರಬಹುದು ಅಂದೆ. ಹಾಲು ಕುಡಿದಷ್ಟು ಸಂತೋಷ. ಸುಟ್ಟುಹೋಗಲಿ. ಪಿಸ್ಟನ್ ತೂತು ಬೀಳಲಿ. ನನಗಿಲ್ಲದ್ದು ಅವಳಿಗೂ ಬೇಡ.

ಮಾರ್ಚ್ 10

ಮಾತ್ರೆ ತಗೊಂಡೆನಾ ಅಂತ ಅಪ್ಪ ಕೇಳಿದರು. ಆಯಿತು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಕಿವಿ ಮಷೀನು ಹಾಕಿಕೊಂಡೇ ಇದ್ದರು. ರೇಗಿದೆ.

ಮಾರ್ಚ್ 22, ಶನಿವಾರ

ಬರೆಯಲು ಮನಸ್ಸು ಬಂದಿರಲಿಲ್ಲ. ದಿನಾ ಸಂಜೆ ಆ ಸದ್ದು. ದಿನಾ ಜಾಸ್ತಿ.

ನಾಳೆ ಅವಳು ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬೆಟ್ಟಕ್ಕೆ ಹೋಗುತ್ತಾಳಂತೆ. ಬೆಟ್ಟಕ್ಕೆ! ಇಬ್ಬರ ಭಾರ, ಅಷ್ಟು ಕಡಿದಾದ ಏರು. ಅಪ್ಪ ಮಗುವಿನ ಹಾಗೆ ಕುಣಿಯುತ್ತಾ ಹಳೆಯ ಚರ್ಮದ ಜಾಕೆಟ್ ಎಲ್ಲಿ ಅಂತ ನನ್ನನ್ನೇ ಕೇಳಿದರು. ಹುಡುಕಿ, ಬೂಸ್ಟು ಒರೆಸಿ ಕೊಟ್ಟೆ. ಚಿಕ್ಕವಳಿದ್ದಾಗ ಆ ಟ್ಯಾಂಕಿನ ಮೇಲೆ ಕೂರುತ್ತಿದ್ದವಳು ನಾನು. ಈಗ ಜಾಕೆಟ್ ಒರೆಸುವವಳು.

ಓಡುವಾಗ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತುಬಿಡುತ್ತದೆ. ಇಬ್ಬರೂ ರಸ್ತೆಗೆ. ಇದು ನನಗೆ ಮೊದಲ ದಿನದಿಂದಲೂ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಎಂಥವಳು ನಾನು.

ಮಾರ್ಚ್ 23, ಭಾನುವಾರ

ಗೇಟಿನ ಹತ್ತಿರ ಗಾಡಿಗೆ ಅಡ್ಡ ನಿಂತೆ. ಪಿಸ್ಟನ್ ಬೇರೆ, ತೊಂಬತ್ತೈದೇ ಬೇಕು, ಈ ಪೆಟ್ರೋಲಿನಲ್ಲಿ ಬೆಟ್ಟ ಹತ್ತಬೇಡ ಅಂದೆ. ತಮ್ಮ ನಕ್ಕ. ಅವಳು ನಗಲಿಲ್ಲ, ತಿರುಗಿ ಅಪ್ಪನನ್ನು ಕೇಳಿದಳು. ಹೆಲ್ಮೆಟ್ ಹಾಕಲೆಂದು ಕಿವಿ ಮಷೀನು ತೆಗೆದಿಟ್ಟಿದ್ದಾರೆ, ಏನೂ ಕೇಳುತ್ತಿಲ್ಲ. ನಾನೇ ಕೂಗಬೇಕಾಯಿತು. ಇಷ್ಟು ವರ್ಷ ಅಮ್ಮನಿಗೂ ಬಿಟ್ಟುಕೊಡದ ಗುಟ್ಟು, ಎದುರು ಮನೆಯವರೆಲ್ಲ ಬಾಲ್ಕನಿಗೆ ಬರುವ ಹಾಗೆ. ಶೆಡ್ಡಿನಲ್ಲಿ ನಾವಿಬ್ಬರೂ ಸೇರಿ ಹಾಕಿದ ಪಿಸ್ಟನ್ ಅಪ್ಪಾ, ಅಂತ.

ಅಪ್ಪ ಹೆಲ್ಮೆಟ್ ತೆಗೆದರು. ಯೋಚನೆ ಮಾಡಿದರು.

"ಯಾವ ಪಿಸ್ಟನ್ನಮ್ಮಾ? ಆ ಇಂಜಿನ್ನ ನಾನು ಯಾವತ್ತೂ ಬಿಚ್ಚೇ ಇಲ್ವಲ್ಲ."

ಅಪ್ಪ ಸುಳ್ಳು ಹೇಳುವಾಗಿನ ಮುಖ ನನಗೆ ಗೊತ್ತು. ಇದು ಅದಲ್ಲ. ಅವರಲ್ಲಿ ಆ ದಿನವೇ ಇಲ್ಲ.

ತಮ್ಮ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಗಾಡಿ ನಿನಗೆ ಬರ್ಲಿಲ್ಲ ಅಂತ ಹೊಟ್ಟೆಕಿಚ್ಚು ಇದ್ರೆ ಇರ್ಲಿ ಅಕ್ಕ. ಅದಕ್ಕೆ ಕಥೆ ಕಟ್ಬೇಕಾ?" ಅಂದ.

ಹೊಟ್ಟೆಕಿಚ್ಚು ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಬೆಟ್ಟಕ್ಕೆ ಹೋಗಲಿಲ್ಲ. ಅವಳೇ ಬೇಡ ಅಂದಳು. ಅಪ್ಪ ಜಾಕೆಟ್ ಬಿಚ್ಚದೆ ಊಟದ ಹೊತ್ತಿನವರೆಗೂ ಜಗುಲಿಯಲ್ಲೇ ಕೂತಿದ್ದರು.

ಮಾರ್ಚ್ 24

ನಾನೇ ಕಲ್ಪಿಸಿಕೊಂಡೆನಾ? ಮಣಿಕಟ್ಟಿನ ಮೇಲೆ ಕಲೆ ಇದೆ. ಆವತ್ತು ಇಂಜಿನ್ ಓಡಿಸಿ ನೋಡುವಾಗ ಬಿಸಿ ಸೈಲೆನ್ಸರ್ ತಾಗಿದ್ದು. ಅಮ್ಮನಿಗೆ ಇಸ್ತ್ರಿಪೆಟ್ಟಿಗೆ ಅಂತ ಹೇಳಿದ್ದೆ. ಕೆಲಸದ ಮಧ್ಯೆ ಅದನ್ನೇ ನೋಡಿಕೊಳ್ಳುತ್ತಿದ್ದೆ.

ಮಾರ್ಚ್ 27, ಗುರುವಾರ

ಅಂಗಡಿಗೇ ಬಂದಳು, ಕ್ಲಿನಿಕ್ಕಿನ ಬಿಳಿ ಕೋಟಿನಲ್ಲಿ. ಟ್ಯಾಂಕ್ ಖಾಲಿ ಮಾಡಿಸಿ ತೊಂಬತ್ತೈದು ಹಾಕಿಸಿದಳಂತೆ. ನಮ್ಮ ಬೀದಿಯ ಏರನ್ನು ಬೇಕೆಂದೇ ಮತ್ತೆ ಮತ್ತೆ ಹತ್ತಿ ನೋಡಿದಳಂತೆ.

"ಸದ್ದೇ ಇಲ್ಲ ಅತ್ತಿಗೆ. ನೀವು ಹೇಳಿದ್ದು ನಿಜ."

ತಮ್ಮನ ಪರವಾಗಿ ಅವಳೇ ಸಾರಿ ಕೇಳಿದಳು. ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಆಮೇಲೆ, ಆ ದಿನದ ಕಥೆ ಪೂರ್ತಿ ಹೇಳಿ, ಮಾವನಿಗೂ ನೆನಪಾಗಬಹುದು ಅಂದಳು. ಗಾಡಿ ಆಯಿತು, ಈಗ ಕಥೆಯೂ ಬೇಕು ಇವಳಿಗೆ. ಭಾನುವಾರ ಬಾ ಅಂದೆ.

ಮಾರ್ಚ್ 30, ಭಾನುವಾರ, ಸಂಜೆ

ಹೇಳಿದೆ. ಅಪ್ಪ ಯಾರದೋ ಕಥೆ ಕೇಳಿದ ಹಾಗೆ ಕೇಳಿದರು. ಅಮ್ಮನಿಗೆ ಮಾಡಿದ ಆಣೆ ಬಂದಾಗ ನಕ್ಕರು. ನಾನು ನಟ್ಟು ಬೋಲ್ಟಿಗೆ ಬರುವ ಹೊತ್ತಿಗೆ ಅವರ ಬೆರಳು ತೊಡೆಯ ಮೇಲೆ ತಾವಾಗಿಯೇ ತಿರುಗತೊಡಗಿದವು. ಸ್ಪ್ಯಾನರ್ ಹಿಡಿದ ಹಾಗೆ.

"ಹೌದು... ಟಾರ್ಚು. ಬೆಳಕು ಒಂದು ಚೂರೂ ಅಲ್ಲಾಡ್ಲಿಲ್ಲ. ಎಂಥ ಗಟ್ಟಿ ಕೈ."

ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡೆ.

ಅಪ್ಪ ಕೈಚಾಚಿ ಅವಳ ತಲೆ ಸವರಿದರು. "ಇವಳೇ ಹಿಡ್ಕೊಂಡಿದ್ದು. ಇಷ್ಟುದ್ದ ಇದ್ಲು ಆಗ."

ಅಲ್ಲ ಮಾವ, ನಾನಲ್ಲ, ಅತ್ತಿಗೆ ಅಂತ ಮತ್ತೆ ಮತ್ತೆ ಹೇಳಿದಳು, ಗಟ್ಟಿಯಾಗಿ. ಅಪ್ಪ ನನ್ನ ಕಡೆ ತಿರುಗಿ, ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ನಕ್ಕರು.

ಗಾಡಿ ಶೆಡ್ಡಿನಲ್ಲೇ ಬಿಟ್ಟು ನಡೆದುಕೊಂಡು ಹೋದಳು. ಕೀ ನನ್ನ ಮೇಜಿನ ಮೇಲಿದೆ. ನನಗೆ ಬೇಕಾದದ್ದು ಇದಾಗಿತ್ತಾ? ಮುಟ್ಟಿಲ್ಲ ಇನ್ನೂ.

ಶೆಡ್ಡಿನಿಂದ ಸ್ಪ್ಯಾನರ್ ಸದ್ದು. ಅಪ್ಪ ಯಾವಾಗ ಎದ್ದು ಹೋದರೋ. ಕೂಗುತ್ತಿದ್ದಾರೆ, ಟಾರ್ಚ್ ತಗೊಂಡು ಬಾರಮ್ಮಾ ಅಂತ. ಅಮ್ಮಾ ಅಂದರೆ ಯಾರು? ಅವಳನ್ನೂ ಹಾಗೇ ಕರೆಯುತ್ತಾರೆ. ಟಾರ್ಚ್ ಕೈಯಲ್ಲೇ ಇದೆ. ಹೆಸರು ಹಿಡಿದು ಕೂಗಲಿ, ಹೋಗುತ್ತೇನೆ.

ಮತ್ತೆ ಕೂಗಿದರು. ಈ ಸಲ ಹೆಸರು ಹಿಡಿದು —